ಹೊರದೇಶದ ಊಟದ ಮೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗ ಮತ್ತು ಸೊಸೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ನಾವು ದಂಪತಿ ಕೆಲವು ತಿಂಗಳು ಅವರೊಂದಿಗಿರಲು ಹೊರಟಿದ್ದೇವೆ. ದೊಡ್ಡ ತಟ್ಟೆಯನ್ನು ಮೇಜಿನ ನಡುವೆ ಇಟ್ಟು ಮನೆಮಂದಿಯೆಲ್ಲ ಬಡಿಸಿಕೊಳ್ಳುವ ಇಟಾಲಿಯನ್ ಹೋಟೆಲಿಗೆ ಅವರು ಆಗಾಗ ಹೋಗುತ್ತಾರಂತೆ. ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಅಲ್ಲಿ ನಮಗೆ ಏನು ಸಿಕ್ಕೀತು? ವಿಚಾರಿಸಿದರೆ ಮಕ್ಕಳಿಗೆ ಮುಜುಗರವಾಗುವುದಿಲ್ಲವೇ?
– ಓದುಗರೊಬ್ಬರು, ಕೋಲಾರ

ಉತ್ತರ: ಖಂಡಿತ ವಿಚಾರಿಸಿ. ಸಸ್ಯಾಹಾರ, ಅಲರ್ಜಿ ಇವುಗಳ ಬಗ್ಗೆ ಗ್ರಾಹಕರು ಕೇಳುವುದು ಅಲ್ಲಿನ ಪರಿಚಾರಕರಿಗೆ ದಿನನಿತ್ಯದ ಸಂಗತಿ. ಸುಮ್ಮನೆ ಕುಳಿತು ಅರೆಹೊಟ್ಟೆಯಲ್ಲಿ ಎದ್ದು ಬಂದರೆ ಮಕ್ಕಳಿಗೆ ಅದಕ್ಕಿಂತ ಹೆಚ್ಚು ಬೇಸರವಾಗುತ್ತದೆ.

ಕೋಲಾರದವರಾದ ನಿಮಗೆ ಅಲ್ಲಿನ ಅಡುಗೆಯ ಬಹುಪಾಲು ಅಪರಿಚಿತವೇನಲ್ಲ, ಏಕೆಂದರೆ ಅದು ನಿಂತಿರುವುದು ನಿಮ್ಮ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸುಗಳಲ್ಲಿ ಹರಾಜಾಗುವ ಟೊಮೆಟೊ ಹಣ್ಣಿನ ಮೇಲೆ. ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಮತ್ತು ತುಳಸಿಯ ಜಾತಿಯದೇ ಆದ ಬೇಸಿಲ್ ಸೊಪ್ಪು ಸೇರಿದರೆ ಮರಿನಾರಾ ಸಾಸ್ ಆಗುತ್ತದೆ. ಅದಕ್ಕೆ ಒಣಮೆಣಸಿನಕಾಯಿ ಬಿದ್ದರೆ ಅರಾಬಿಯಾಟಾ, ನಮ್ಮ ನಾಲಿಗೆಗೆ ಅದೇ ಹೆಚ್ಚು ಹಿಡಿಸುತ್ತದೆ. ಒಣ ಪಾಸ್ತಾ ಸಾಮಾನ್ಯವಾಗಿ ಡ್ಯೂರಮ್ ಗೋಧಿಯ ರವೆ ಮತ್ತು ನೀರಿನದು. ನಮ್ಮ ಬನ್ಸಿ ರವೆಯೂ ಇದೇ ಗೋಧಿಯದು. ಹೋಟೆಲಿನಲ್ಲೇ ಲಟ್ಟಿಸಿದ ತಾಜಾ ಪಾಸ್ತಾಕ್ಕೆ ಮಾತ್ರ ಹೆಚ್ಚಾಗಿ ಮೊಟ್ಟೆ ಹಾಕಿರುತ್ತಾರೆ.

ಎಚ್ಚರ ಬೇಕಾದುದು ತರಕಾರಿಯಂತೆ ಕಾಣುವ ಪದಾರ್ಥಗಳಲ್ಲಿ. ಮಿನೆಸ್ಟ್ರೋನೆ ಎಂಬ ತರಕಾರಿ ಸೂಪನ್ನೂ ರಿಸೊಟ್ಟೊ ಎಂಬ ಅನ್ನವನ್ನೂ ಎಷ್ಟೋ ಕಡೆ ಕೋಳಿಯ ಇಲ್ಲವೇ ಬೇರೆ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ. ಸೀಸರ್ ಸಲಾಡಿನ ಮೇಲೆ ಸುರಿಯುವ ಮಿಶ್ರಣದಲ್ಲಿ ಆಂಚೊವಿ ಮೀನೂ ಮೊಟ್ಟೆಯೂ ಇರುತ್ತವೆ. ಊಟದ ಕೊನೆಯ ಸಿಹಿಗಳಾದ ತಿರಮಿಸುವಿನಲ್ಲಿ ಮೊಟ್ಟೆ, ಪನ್ನಾ ಕೊಟ್ಟಾದಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರುವುದು ವಾಡಿಕೆ. ಚೀಸ್ ವಿಚಾರ ಇನ್ನೂ ಸೂಕ್ಷ್ಮ. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದಲೇ ಹಾಲು ಒಡೆಸಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ಪಾರ್ಮೆಸನ್ ಹೆಸರಿನಲ್ಲಿ ಮಾರುವ ಕೆಲವು ಚೀಸುಗಳಲ್ಲಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಇರುತ್ತದೆಯಾದರೂ, ತುರಿದು ಬಂದ ಚೀಸ್ ಯಾವುದೆಂದು ಪರಿಚಾರಕರಿಗೂ ತಿಳಿದಿರುವುದಿಲ್ಲ. ತಟ್ಟೆ ಬಂದ ಕೂಡಲೇ ಅವರು ಪುಟ್ಟ ತುರಿಯುವ ಉಪಕರಣ ಹಿಡಿದು ಪಕ್ಕದಲ್ಲಿ ನಿಂತು, ಸಾಕು ಎನ್ನುವವರೆಗೂ ಹಿಡಿ ತಿರುಗಿಸುತ್ತ ಚೀಸ್ ಉದುರಿಸುತ್ತಾರೆ. ಆದ್ದರಿಂದ ಬೇಡವೆನ್ನುವುದಾದರೆ ಮೊದಲೇ ಹೇಳಿಬಿಡಬೇಕು. ಇದು ನೀವಿಬ್ಬರೂ ಮನೆಯಲ್ಲೇ ತೀರ್ಮಾನಿಸಿಕೊಳ್ಳಬೇಕಾದ ವಿಷಯ.

ಒಂದೊಂದು ತಟ್ಟೆಯೂ ಮೂರ್ನಾಲ್ಕು ಜನರಿಗೆ ಸಾಕಾಗುವಷ್ಟು ಬರುವುದರಿಂದ ನಿಮ್ಮದನ್ನು ಬೇರೆಯಾಗಿಯೇ ತರಿಸಿ, ಅದರ ಸೌಟು ಬೇರೆ ತಟ್ಟೆಗೆ ಹೋಗದಂತೆ ನೋಡಿಕೊಳ್ಳಿ. ಈ ಪದ್ಧತಿ ಇಟಲಿಗಿಂತ ಹೆಚ್ಚಾಗಿ ಅಮೆರಿಕದ ಇಟಾಲಿಯನ್ ವಲಸಿಗರದು. 1880 ರಿಂದ 1920 ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು, ಬಹುತೇಕ ದಕ್ಷಿಣದ ಬಡ ಹಳ್ಳಿಗಳಿಂದ, ಅಮೆರಿಕಕ್ಕೆ ಬಂದರು. ಊರಿನಲ್ಲಿ ಅಪರೂಪವಾಗಿದ್ದ ಮಾಂಸ ಇಲ್ಲಿ ಕೈಗೆಟುಕಿತು, ತಟ್ಟೆಯೂ ಹಿಗ್ಗಿತು. ನೆಂಟರಿಗೆ ಹೊಟ್ಟೆ ತುಂಬ ಬಡಿಸಬೇಕೆಂಬ ಆ ಆಸೆ ನಮ್ಮವರಿಗೆ ಬಿಡಿಸಿ ಹೇಳಬೇಕಾದುದಲ್ಲ. ಮಿಕ್ಕಿದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗುವುದು ಅಲ್ಲಿ ಸಹಜ, ಸಂಕೋಚ ಬೇಡ.

ಪ್ರಶ್ನೆ: ಮಗಳು ಅಮೆರಿಕದ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಶೇ 20 ರಷ್ಟು ಟಿಪ್ ಕೊಟ್ಟಳು. ಅಷ್ಟು ಕೊಡಲೇಬೇಕೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಕಾನೂನಿನ ಒತ್ತಾಯವಿಲ್ಲ, ಆದರೆ ಶೇ 18 ರಿಂದ 20 ಅಲ್ಲಿನ ರೂಢಿ. ಟಿಪ್ ಪಡೆಯುವ ನೌಕರರಿಗೆ ಮಾಲೀಕರು ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿಯನ್ನು ಅಲ್ಲಿನ ಕೇಂದ್ರ ಸರ್ಕಾರ 1991 ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಲ್ಲಿಸಿದೆ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿದ್ದರೂ ಪರಿಚಾರಕರ ಸಂಪಾದನೆ ಮುಖ್ಯವಾಗಿ ಟಿಪ್ಪನ್ನೇ ನೆಚ್ಚಿಕೊಂಡಿದೆ. ನಿಮ್ಮ ಮಗಳು ಕೊಟ್ಟದ್ದು ಸರಿಯಾಗಿಯೇ ಇದೆ. ದೊಡ್ಡ ಗುಂಪಾಗಿ ಹೋದಾಗ ಕೆಲವು ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿನಲ್ಲೇ ಸೇರಿಸಿರುತ್ತವೆ. ಅದನ್ನೊಮ್ಮೆ ನೋಡಿಕೊಂಡು ಕೊಡಲು ಅವಳಿಗೆ ಹೇಳಿ.