ಅಪ್ಪನ ವಿಡಿಯೋ ಕಾಲ್, ಅಜ್ಜಿಯ ಮುನಿಸು

ಉಡುಪಿ ಕಡೆಯ ತಾಯಿಯೊಬ್ಬರ ಪತ್ರದ ಸಾರ: ಮಗ ಐದನೇ ಕ್ಲಾಸ್. ಗಂಡ ದುಬೈಯಲ್ಲಿ. ರಾತ್ರಿ ಹತ್ತೂವರೆಗೆ ಅಪ್ಪನ ವಿಡಿಯೋ ಕಾಲ್ ಬರುತ್ತದೆ. ಆಮೇಲೆ ಹನ್ನೊಂದೂವರೆವರೆಗೆ ಫೋನ್ ಮಗನ ಕೈಯಲ್ಲೇ. ಬೆಳಿಗ್ಗೆ ಎದ್ದರೆ ಸಿಡಿಸಿಡಿ. ಮೊನ್ನೆ ತಿಂಡಿಗೆ ಕರೆದ ಅಜ್ಜಿಗೆ "ನಿಮಗೆ ಎಂತ ಗೊತ್ತುಂಟು?" ಅಂದನಂತೆ. ಅಜ್ಜಿ ಈಗ ಅವನ ಹತ್ತಿರ ಮಾತಾಡುತ್ತಿಲ್ಲ. "ಕಣ್ಣು ಹೋಗ್ತದೆ, ಮುಂದೆ ಶುಗರ್ ಬರ್ತದೆ ಅಂತ ಹೇಳಿ ಹೇಳಿ ಸಾಕಾಯ್ತು. ನಮ್ಮ ನಡತೆಯಿಂದ ಆರೋಗ್ಯವೂ ಸಂಬಂಧವೂ ಕೆಡ್ತದೆ ಅಂತ ಮಕ್ಕಳಿಗೆ ಕಲಿಸುವುದು ಹೇಗೆ?"

ಸಂಪಾದಕರ ಉತ್ತರ:

ಮೊದಲು, ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ ನೋಡಿ. ಹತ್ತು ವರ್ಷದ ಹುಡುಗನಿಗೆ ನಲವತ್ತನೇ ವಯಸ್ಸಿನ ಶುಗರ್ ಅಂದರೆ ಯಾವುದೋ ಊರಿನ ಸುದ್ದಿ. ರಾತ್ರಿ ಮಾಡಿದ್ದು ಬೆಳಿಗ್ಗೆ ಕಾಣಿಸಿದರೆ ಮಾತ್ರ ನಂಬುತ್ತಾನೆ.

ನಿದ್ದೆಯನ್ನೂ ಅಜ್ಜಿಯ ಜಗಳವನ್ನೂ ನೀವು ಎರಡು ದೂರು ಅಂತ ಬರೆದಿದ್ದೀರಿ. ನನಗೆ ಅದು ಒಂದೇ ಅನಿಸುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ನಿಮ್ಮ ಮಗ ಹನ್ನೊಂದೂವರೆಗೆ ಮಲಗಿ, ಶಾಲೆಗೆ ಅಂತ ಆರೂವರೆಗೆ ಎದ್ದರೆ ಸಿಕ್ಕಿದ್ದು 7 ಗಂಟೆ. ನಿದ್ದೆ ಸಾಲದಾಗ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಹಾಗಲ್ಲ, ಎಷ್ಟೋ ಸಲ ರೇಗುತ್ತಾರೆ, ಹಟ ಮಾಡುತ್ತಾರೆ, ನಿಂತಲ್ಲಿ ನಿಲ್ಲುವುದಿಲ್ಲ. ನಮಗೆ ಅದು ಸೊಕ್ಕು ಅಂತ ಕಾಣುತ್ತದೆ. (ಯಾವತ್ತೋ ಒಂದು ರಾತ್ರಿ ಯಕ್ಷಗಾನ ಮೇಳದ ಆಟ ನೋಡಲು ನಿದ್ದೆಗೆಟ್ಟರೆ ಏನೂ ಆಗುವುದಿಲ್ಲ. ಅದನ್ನು ದಯವಿಟ್ಟು ತಪ್ಪಿಸಬೇಡಿ.)

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವನ ಕೈಯಲ್ಲೇ ಬರೆಸಿ: ಮಲಗಿದ್ದು ಎಷ್ಟಕ್ಕೆ, ಬೆಳಿಗ್ಗೆ ಜಗಳ ಆಯಿತಾ ಇಲ್ಲವಾ. ಒಂದು ವಾರ ಈಗಿನ ಹಾಗೇ ಇರಲಿ. ಮುಂದಿನ ವಾರ ಒಂಬತ್ತೂವರೆಗೆ ದೀಪ ಆರಿಸಿ, ಫೋನುಗಳು ಹಾಲ್‌ನಲ್ಲಿ ಚಾರ್ಜಿಗೆ. ನಿಮ್ಮದೂ ಸೇರಿ. "ನಾನು ಆಗಲೇ ಹೇಳಿರಲಿಲ್ವಾ?" ಅಂತ ಒಂದು ಸಲ ಅಂದಿರೋ, ಪೆನ್ನು ಬಿಸಾಡುತ್ತಾನೆ.

ಅಪ್ಪನ ಕಾಲ್ ನಿಲ್ಲಿಸಬೇಡಿ, ಹೊತ್ತು ಬದಲಿಸಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ ಎಂಟೂವರೆ ಅಂದರೆ ಅಲ್ಲಿ ಏಳು. ಡ್ಯೂಟಿ ಮುಗಿಯದಿದ್ದರೆ ವಾಯ್ಸ್ ಮೆಸೇಜ್ ಕಳಿಸಲಿ, ಹುಡುಗ ಬೆಳಿಗ್ಗೆ ಕೇಳುತ್ತಾನೆ. ರಜೆಯ ದಿನ ಬೇಕಾದಷ್ಟು ಮಾತಾಡಲಿ. ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಸಿಗುವ ಆ ಹತ್ತು ನಿಮಿಷದಲ್ಲಿ ಮಗನ ಮೇಲೆ ಚಾರ್ಜ್‌ಶೀಟ್ ಓದಬೇಡಿ. ಬರೀ ಗದರಿಸುವುದಕ್ಕೇ ಫೋನ್ ಮಾಡುವ ಅಪ್ಪ ಯಾರಿಗೆ ಬೇಕು?

ಅಜ್ಜಿಗೆ ಎಲ್ಲರೆದುರು "ಸಾರಿ" ಹೇಳಿಸಲೂ ಬೇಡಿ. ಬಾಯಿಪಾಠ ಒಪ್ಪಿಸಿ ಓಡಿಹೋಗುತ್ತಾನೆ, ಅವರ ಬೇಸರ ಹಾಗೇ ಉಳಿಯುತ್ತದೆ. ಇಬ್ಬರಿಗೂ ಸೇರಿ ಒಂದು ಕೆಲಸ ಕೊಡಿ. ಈಗ ಮಳೆಗಾಲ ಅಲ್ವಾ, ವಾರಕ್ಕೊಮ್ಮೆ ಹಿತ್ತಲಿನಲ್ಲಿ ನೀರು ನಿಂತಿದ್ದನ್ನೆಲ್ಲ ಹುಡುಕಿ ಚೆಲ್ಲಲಿ. ತೆಂಗಿನ ಗೆರಟೆ ಎಲ್ಲಿ ಬಿದ್ದಿದೆ, ಹಳೇ ಬಕೆಟ್ ಯಾವ ಮೂಲೆಯಲ್ಲಿದೆ ಅಂತ ಅಜ್ಜಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಡೆಂಗಿ ಸೊಳ್ಳೆಗೆ ಚರಂಡಿಯ ಕೊಳಕು ನೀರಿಗಿಂತ ಗೆರಟೆ, ಹೂಕುಂಡದ ತಟ್ಟೆ, ಟಯರಿನಲ್ಲಿ ನಿಂತ ತಿಳಿನೀರು ಇಷ್ಟ. ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದು ಹುಟ್ಟಿದ ಜಾಗ ಬಿಟ್ಟು ಬಹಳ ದೂರ ಹೋಗುವುದಿಲ್ಲ. ಹಾಗಾಗಿ ಕಚ್ಚುವುದು ನಿಮ್ಮನ್ನೋ ಪಕ್ಕದ ಮನೆಯವರನ್ನೋ. ಅದೂ ಹಗಲಿನಲ್ಲೇ ಜಾಸ್ತಿ. ಚೆಲ್ಲುವ ಮೊದಲು ನೀರಿನಲ್ಲಿ ಕುಣಿಯುವ ಹುಳುಗಳನ್ನು ಅವನಿಗೆ ತೋರಿಸಿ. ಬಕೆಟ್ಟಿನ ಒಳಬದಿ ತಿಕ್ಕಲಿಕ್ಕೂ ಹೇಳಿ, ಅಂಟಿಕೊಂಡ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಸೋಮಾರಿತನಕ್ಕೂ ಪಕ್ಕದ ಮನೆ ಪಾಪುವಿನ ಜ್ವರಕ್ಕೂ ಏನು ಸಂಬಂಧ ಅಂತ ಆಮೇಲೆ ಅವನೇ ನಿಮಗೆ ಹೇಳಿಯಾನು.

ಬೇಗ ಮಲಗಿದರೂ ಬೆಳಗಿನ ಸಿಡುಕು ಹೋಗದಿದ್ದರೆ, ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ ಗಮನಿಸಿ. ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡಿದ್ದರೆ ಒಂಬತ್ತು ಗಂಟೆ ಮಲಗಿದರೂ ನಿದ್ದೆ ಪೂರ್ತಿ ಆಗದೆ ಇರಬಹುದು. ಹಾಗಿದ್ದರೆ ಗದರಿಸಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

– ಸಂ.