ಟ್ರಿಗರ್ ಇಟ್ಟಿರಿ ಸರಿ, ರಿಸೆಟ್ ಎಲ್ಲಿಟ್ಟಿರಿ?

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಸೌಹಾರ್ದ ಸಹಕಾರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಜಾಬಿಕ್ಸ್‌ನಲ್ಲಿ ಮಾನಿಟರಿಂಗ್. ಡೇಟಾಬೇಸ್‌ಗೆ ಒಂದೇ ಸಲ ತೆರೆದಿರುವ ಕನೆಕ್ಷನ್ 80 ದಾಟಿದರೆ ಅಲರ್ಟ್ ಬರುತ್ತದೆ. ಸಂಜೆ ಪಿಗ್ಮಿ ಏಜೆಂಟರು ಕಲೆಕ್ಷನ್ ಅಪ್‌ಲೋಡ್ ಮಾಡುವ ಹೊತ್ತಿಗೆ 'ಪ್ರಾಬ್ಲಮ್', 'ರಿಸಾಲ್ವ್ಡ್', ಮತ್ತೆ 'ಪ್ರಾಬ್ಲಮ್' ಅಂತ ಮೊಬೈಲ್ ಬಡಿದುಕೊಳ್ಳುತ್ತಲೇ ಇರುತ್ತದೆ. ಸಾಫ್ಟ್‌ವೇರ್ ಕೊಟ್ಟವರು ಮಿತಿಯನ್ನು 95ಕ್ಕೆ ಏರಿಸಿ ಅನ್ನುತ್ತಾರೆ. ಏರಿಸಲಾ ಸರ್?

ಉತ್ತರ: ಏರಿಸಬೇಡಿ. ಈ ಪ್ರಶ್ನೆ ಬೇರೆ ಬೇರೆ ಊರಿನಿಂದ ಮತ್ತೆ ಮತ್ತೆ ಬರುತ್ತಿದೆ. ಎಲ್ಲರಿಗೂ ಸಿಕ್ಕಿರುವುದು ಇದೇ ತಪ್ಪು ಸಲಹೆ. ಅದಕ್ಕೇ ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ನೀವು ಏನೂ ಬದಲಿಸಿಲ್ಲದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಗರಿಷ್ಠ ಕನೆಕ್ಷನ್ 100. ಅದರಲ್ಲಿ 3 ಸೂಪರ್‌ಯೂಸರ್‌ಗೆ, ಅಂದರೆ ಡೇಟಾಬೇಸ್ ಅಡ್ಮಿನ್‌ಗೆ, ಮೀಸಲು. ನಿಮ್ಮ ಆ್ಯಪ್‌ಗೆ ಉಳಿಯುವುದು 97. ಅಲರ್ಟ್ 95ಕ್ಕೆ ಇಟ್ಟರೆ ಅದು ಬಂದಾಗ ಬಾಕಿ ಇರುವುದು ಒಂದೋ ಎರಡೋ. ನೀವು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಏಜೆಂಟರಿಗೆ ಕನೆಕ್ಷನ್ ಸಿಗದೆ ಎರರ್ ಬಂದಿರುತ್ತದೆ. ಮೆಸೇಜ್ ಕಮ್ಮಿ ಆಯಿತು ಅಂತ ಖುಷಿಪಟ್ಟದ್ದು ಅಲ್ಲಿಗೆ ಮುಗಿಯಿತು.

ತೊಂದರೆ ಇರುವುದು 80ರಲ್ಲಿ ಅಲ್ಲ. ಅಲರ್ಟ್ ಏಳುವುದೂ 80ಕ್ಕೆ, ಇಳಿಯುವುದೂ 80ಕ್ಕೆ, ಅದು ತೊಂದರೆ. ಸಂಜೆ ಹೊತ್ತು ನಿಮ್ಮ ಲೆಕ್ಕ 77, 82, 79, 84, 78 ಅಂತ ಓಡುತ್ತಿರುತ್ತದೆ. ಗೆರೆ ದಾಟಿದಾಗಲೆಲ್ಲ ಒಂದೊಂದು ಮೆಸೇಜ್. ಮನೆಯ ಟ್ಯಾಂಕಿಗೆ ಆಟೋ ಸ್ವಿಚ್ ಹಾಕುವಾಗ ನೀರು ತಳಕ್ಕೆ ಇಳಿದಾಗ ಮೋಟರ್ ಆನ್, ತುಂಬಿದಾಗ ಆಫ್ ಅಂತ ಎರಡು ಜಾಗ ಇಡುತ್ತೇವೆ ಅಲ್ವಾ? ಎರಡೂ ಒಂದೇ ಜಾಗದಲ್ಲಿದ್ದರೆ ಮೋಟರ್ ಸುಟ್ಟುಹೋಗುತ್ತದೆ. ಇಲ್ಲೂ ಎರಡು ಗೆರೆ ಬೇಕು: ಅಲರ್ಟ್ ಏಳುವ ಗೆರೆ ಟ್ರಿಗರ್, ಇಳಿಯುವ ಗೆರೆ ರಿಸೆಟ್.

ಎರಡನೇ ಗೆರೆ ಎಲ್ಲಿ? ಯಾರನ್ನೂ ಕೇಳಬೇಡಿ, ನಿಮ್ಮದೇ ಗ್ರಾಫ್ ನೋಡಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿದ ಊರು ನಿಮ್ಮದು. ಸಂಜೆಯ ರಶ್ ನಿಮ್ಮ ಕೆಲಸದ ಗುಣ, ಅದನ್ನೇ ಕಾಯಿಲೆ ಅಂದುಕೊಳ್ಳಬಾರದು. ಎರಡು ವಾರದ ಗ್ರಾಫ್ ತೆಗೆದು ಎರಡು ವಿಷಯ ಬರೆದುಕೊಳ್ಳಿ. ತೊಂದರೆಯಿಲ್ಲದ ದಿನ ಸಂಜೆ ಕನೆಕ್ಷನ್ ಎಷ್ಟಕ್ಕೆ ನಿಲ್ಲುತ್ತದೆ? ಒಂದೆರಡು ನಿಮಿಷದಲ್ಲಿ ಸುಮ್ನೆ ಎಷ್ಟು ಮೇಲೆ ಕೆಳಗೆ ಆಡುತ್ತದೆ? ಮೊದಲನೆಯದು 58, ಎರಡನೆಯದು 7 ಅಂದುಕೊಳ್ಳಿ. ಆಗ ರಿಸೆಟ್ 58ಕ್ಕಿಂತ ಮೇಲಿರಬೇಕು, ಟ್ರಿಗರ್‌ನಿಂದ 7ರ ಎರಡರಷ್ಟಾದರೂ ಕೆಳಗಿರಬೇಕು. 65 ಸರಿಯಾಗಿ ಕೂರುತ್ತದೆ. ಜಾಸ್ತಿ ಜಾಗ್ರತೆ ಅಂತ 50ಕ್ಕೆ ಇಟ್ಟರೆ, ತೊಂದರೆ ಮುಗಿದ ಮೇಲೂ ಏಜೆಂಟರೆಲ್ಲ ಮನೆಗೆ ಹೋಗುವವರೆಗೆ ಅಲರ್ಟ್ ಕೆಂಪಾಗಿಯೇ ಇರುತ್ತದೆ. ನಾಲ್ಕು ದಿನ ಹಾಗಾದರೆ ಆ ಕೆಂಪನ್ನು ಯಾರೂ ನೋಡುವುದಿಲ್ಲ.

ಇದಕ್ಕೆ ಸಮಯವನ್ನೂ ಸೇರಿಸಿ. ಜಾಬಿಕ್ಸ್‌ನಲ್ಲಿ 3.2 ಆವೃತ್ತಿಯಿಂದಲೇ, ಅಲರ್ಟ್ ಯಾವಾಗ ಇಳಿಯಬೇಕು ಅಂತ ಬರೆಯಲು ರಿಕವರಿ ಎಕ್ಸ್‌ಪ್ರೆಶನ್ ಅಂತ ಬೇರೆ ಜಾಗ ಇದೆ. ಪ್ರಾಬ್ಲಮ್ ಕಡೆ, 5 ನಿಮಿಷದ ಕನಿಷ್ಠ 80ಕ್ಕಿಂತ ಜಾಸ್ತಿ. ರಿಕವರಿ ಕಡೆ, 10 ನಿಮಿಷದ ಗರಿಷ್ಠ 65ಕ್ಕಿಂತ ಕಮ್ಮಿ. ಕನಿಷ್ಠ, ಗರಿಷ್ಠ ಅದಲುಬದಲು ಮಾಡಬೇಡಿ. ಮಾಡಿದರೆ ಒಂದೇ ರೀಡಿಂಗ್‌ಗೆ ಅಲರ್ಟ್ ಎದ್ದು, ಒಂದೇ ರೀಡಿಂಗ್‌ಗೆ ಮಲಗುತ್ತದೆ. ಐದು ನಿಮಿಷಕ್ಕೊಮ್ಮೆ ರೀಡಿಂಗ್ ತೆಗೆದುಕೊಂಡು '5 ನಿಮಿಷ' ಅಂತ ಬರೆದರೂ ಅಷ್ಟೇ, ಅಲ್ಲಿರುವುದು ಒಂದೇ ರೀಡಿಂಗ್. 30 ಸೆಕೆಂಡಿಗೊಮ್ಮೆ ತೆಗೆದುಕೊಳ್ಳಿ. ಜಾಬಿಕ್ಸ್ ಬದಲು ಪ್ರೊಮೀಥಿಯಸ್ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರ್ ಬಳಸುವವರೂ ಕೇಳಿ: ಅದರ 'ಫಾರ್' ಸೆಟ್ಟಿಂಗ್ ಅಲರ್ಟ್ ಏಳುವಾಗ ಮಾತ್ರ ಕಾಯುತ್ತದೆ, ಇಳಿಯುವಾಗ ಕಾಯುವುದಿಲ್ಲ. ಅದಕ್ಕೆ 'ಕೀಪ್ ಫೈರಿಂಗ್ ಫಾರ್' ಬೇಕು, 2.42 ಆವೃತ್ತಿಯಿಂದ ಇದೆ.

'ಗರಿಷ್ಠ ಕನೆಕ್ಷನ್ 500 ಮಾಡಿಬಿಡಿ' ಅನ್ನುವ ವಾಟ್ಸ್ಯಾಪ್ ಪಂಡಿತರೂ ಇದ್ದಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಒಂದು ಬೇರೆ ಪ್ರೊಸೆಸ್, ಒಂದೊಂದೂ ಮೆಮೊರಿ ತಿನ್ನುತ್ತದೆ. ಜನರ ದುಡ್ಡಿನ ಲೆಕ್ಕ ಇಡುವ ಮೆಷಿನ್ ಮೇಲೆ ಇಂಥ ಪ್ರಯೋಗ ಬೇಡ. ಸಂಜೆಯ ರಶ್ ದಿನಾ 80 ದಾಟುತ್ತಿದ್ದರೆ ಆ್ಯಪ್ ಮತ್ತು ಡೇಟಾಬೇಸ್ ಮಧ್ಯದಲ್ಲಿ ಪಿಜಿಬೌನ್ಸರ್ ಹಾಕಿಸಿ, ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಸಾಫ್ಟ್‌ವೇರ್ ಅದು.

ಪ್ರಶ್ನೆ: ಡಿಸ್ಕ್ ಖಾಲಿ ಜಾಗ ಶೇ 10ಕ್ಕೆ ಇಳಿದರೆ ಅಲರ್ಟ್, ರಿಸೆಟ್ ಶೇ 8. ಸರೀನಾ? (ಕುಂದಾಪುರ)

ಉತ್ತರ: ತಲೆಕೆಳಗಾಗಿದೆ. ಖಾಲಿ ಜಾಗ ಕಮ್ಮಿಯಾಗುವುದೇ ತೊಂದರೆ ಆದಾಗ ರಿಸೆಟ್ ಮೇಲಿರಬೇಕು, 15 ಮಾಡಿ.

ಪ್ರಶ್ನೆ: ಬಫರ್ ಹಿಟ್ ರೇಶಿಯೋ (ಡಿಸ್ಕ್‌ಗೆ ಹೋಗದೆ ಮೆಮೊರಿಯಲ್ಲೇ ಸಿಕ್ಕ ಡೇಟಾದ ಶೇಕಡಾವಾರು) 99ಕ್ಕಿಂತ ಕೆಳಗೆ ಬಂದರೆ ರ್‍ಯಾಮ್ ಹಾಕಿಸಲೇಬೇಕಂತೆ, ಹೌದಾ? (ಸುರತ್ಕಲ್)

ಉತ್ತರ: ರ್‍ಯಾಮ್ ಮಾರುವವರ ಮಾತು ಅದು. ಈ ಸಂಖ್ಯೆಯೊಂದನ್ನೇ ನಂಬಬೇಡಿ. ಕೆಟ್ಟ ಕ್ವೆರಿಯೊಂದು ಅದೇ ಟೇಬಲನ್ನು ಮೆಮೊರಿಯಿಂದಲೇ ಸಾವಿರ ಸಲ ಓದಿದರೂ ಈ ಸಂಖ್ಯೆ 99 ದಾಟುತ್ತದೆ, ಗ್ರಾಹಕರು ಮಾತ್ರ ಕಾಯುತ್ತಲೇ ಇರುತ್ತಾರೆ.

ಪ್ರಶ್ನೆ: ರಾತ್ರಿ ಅಲರ್ಟ್ ಎಲ್ಲ ಮ್ಯೂಟ್ ಮಾಡಬಹುದಾ? (ಮಣಿಪಾಲ)

ಉತ್ತರ: ಬೆಳಿಗ್ಗೆವರೆಗೆ ಕಾಯಬಹುದಾದ್ದನ್ನು ಮಾತ್ರ.

ಪ್ರಶ್ನೆ: ನಮ್ಮದು ಮಂಗಳೂರಿನಲ್ಲಿ ಗೇರುಬೀಜದ ಫ್ಯಾಕ್ಟರಿ. ಮೈಎಸ್‌ಕ್ಯೂಎಲ್ ರೆಪ್ಲಿಕಾ (ಮುಖ್ಯ ಡೇಟಾಬೇಸಿನ ನಕಲು ಇಟ್ಟುಕೊಳ್ಳುವ ಇನ್ನೊಂದು ಸರ್ವರ್) ಹಿಂದೆ ಬಿದ್ದಿದೆ ಅಂತ ರಾತ್ರಿ ಅಲರ್ಟ್ ಬಂತು, ತಾನಾಗಿಯೇ ರಿಸೆಟ್ ಆಯಿತು. ಬೆಳಿಗ್ಗೆ ನೋಡಿದರೆ ರೆಪ್ಲಿಕಾ ನಿಂತೇ ಹೋಗಿತ್ತು. ಹೇಗೆ?

ಉತ್ತರ: ರೆಪ್ಲಿಕೇಶನ್ ನಿಂತರೆ, ರೆಪ್ಲಿಕಾ ಎಷ್ಟು ಸೆಕೆಂಡ್ ಹಿಂದಿದೆ ಅಂತ ತೋರಿಸುವ 'ಸೆಕೆಂಡ್ಸ್ ಬಿಹೈಂಡ್ ಸೋರ್ಸ್' ಜಾಗದಲ್ಲಿ ಸಂಖ್ಯೆ ಬರುವುದಿಲ್ಲ, ನಲ್ (ಬೆಲೆಯೇ ಇಲ್ಲ) ಅಂತ ಬರುತ್ತದೆ. ನಿಮ್ಮ ಸ್ಕ್ರಿಪ್ಟ್ ಅದನ್ನು ಸೊನ್ನೆ ಅಂತ ಓದಿರಬೇಕು. ಸೊನ್ನೆ ಅಂದರೆ ಎಲ್ಲ ಸರಿ ಅಂತ ಅರ್ಥ, ಅಲರ್ಟ್ ಇಳಿಯಿತು. ಇದು ಬಹಳ ಅಪಾಯ. ಡೇಟಾ ಬರದೇ ಇದ್ದರೆ ಅದು ರಿಕವರಿ ಅಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್‌ವರ್ಕ್ ಸ್ವಿಚ್ ಆಫ್ ಆದರೂ ಇದೇ ಕಥೆ. ರೆಪ್ಲಿಕಾದಲ್ಲಿ ಬದಲಾವಣೆ ತರುವ ಐಒ ಥ್ರೆಡ್, ಅದನ್ನು ಜಾರಿ ಮಾಡುವ ಎಸ್‌ಕ್ಯೂಎಲ್ ಥ್ರೆಡ್ ಎರಡೂ 'ಯೆಸ್' ಅನ್ನುತ್ತಿವೆಯಾ ಅಂತ ಬೇರೆ ಅಲರ್ಟ್ ಇಡಿ, ಡೇಟಾ ಬರದಿದ್ದರೆ ಇನ್ನೊಂದು. ಆಮೇಲೆ ಟೆಸ್ಟ್ ಸರ್ವರಿನಲ್ಲಿ ರೆಪ್ಲಿಕಾವನ್ನು ನೀವೇ ನಿಲ್ಲಿಸಿ ನೋಡಿ. ಐದು ನಿಮಿಷದೊಳಗೆ ಮೊಬೈಲಿಗೆ ಮೆಸೇಜ್ ಬರದಿದ್ದರೆ ಸ್ಕ್ರಿಪ್ಟ್ ಬರೆದವರನ್ನು ಕರೆಸಿ, ಪಕ್ಕದಲ್ಲೇ ಕೂತು ಸರಿ ಮಾಡಿಸಿ.