ಫೋಟೋ ಅವಳ ಬೀರುವಿನಲ್ಲೇ ಇರಲಿ

ಮಗಳು ತನ್ನ ಚಿಕ್ಕಂದಿನ ಫೋಟೋವನ್ನು ಗೋಡೆಯಿಂದ ಇಳಿಸಿಬಿಟ್ಟಳು ಎಂದು ಒಬ್ಬ ಅಪ್ಪ 3 ಪುಟ ಬರೆದಿದ್ದಾರೆ. ಓದಿ ಎರಡು ದಿನವಾದರೂ ತಲೆಯಿಂದ ಹೋಗುತ್ತಿಲ್ಲ.

ವಿಷಯ ಇಷ್ಟು. ಅವಳಿಗೆ 6 ವರ್ಷ ಇದ್ದಾಗಿನ ಫೋಟೋ. ಮುಂದಿನ ಎರಡು ಹಲ್ಲು ಬಿದ್ದಿವೆ, ಕಾಲಲ್ಲಿ ಅಪ್ಪನ ಚಪ್ಪಲಿ, ಬಾಯಿತುಂಬ ನಗು. 13 ವರ್ಷ ಹಾಲ್‌ನಲ್ಲಿತ್ತು. ಹೋದ ತಿಂಗಳು ಹೇಳದೆ ಕೇಳದೆ ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ, ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ. "ನಮ್ಮ ನೆನಪೇ ಅವಳಿಗೆ ಬೇಡವಾಯಿತೇ?" ಅಂತ ಕೇಳಿದ್ದೀರಿ. ಬೇಡವಾದದ್ದನ್ನು ಯಾರಾದರೂ ಬಟ್ಟೆ ಸುತ್ತಿ ಇಡುತ್ತಾರಾ ಸರ್?

ಎರಡನೇ ಪುಟದ ಕೊನೆಗೆ ಒಂದು ಸಾಲನ್ನು ಸುಮ್ನೆ ಹಾಗೇ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಅಕ್ಕ ಬಂದಾಗಲೆಲ್ಲ ಆ ಫೋಟೋ ಮುಂದೆ ನಿಂತು, "ಆಗ ಎಷ್ಟು ಚೂಟಿಯಾಗಿದ್ದಳು, ಈಗ ನೋಡು, ಮುಖ ಗಂಟು" ಅನ್ನುತ್ತಾರಂತೆ, ನೀವು ನಕ್ಕು ಸುಮ್ಮನಾಗುತ್ತೀರಂತೆ. ಮಗಳು ಅಲ್ಲೇ ಇರುತ್ತಾಳೆ ಅಲ್ವಾ? 19 ವರ್ಷದ ಹುಡುಗಿ ಇನ್ನೆಷ್ಟು ಸಲ ಆ ಹಲ್ಲಿಲ್ಲದ ಮಗುವಿನ ಎದುರು ಸೋಲಬೇಕು?

ನಿಮ್ಮ ಅಕ್ಕನ ಮೇಲೆ ನನಗೆ ಕೋಪ ಬಂದಿದೆ. ಮಕ್ಕಳ ಎದುರಿಗೇ ಅವರಿಗೆ ಮಾರ್ಕ್ಸ್ ಹಾಕುವ ನೆಂಟರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಇನ್ನೊಂದು, ಮಕ್ಕಳ ಫೋಟೋ ಮಕ್ಕಳದ್ದು, ತೆಗೆದವರದ್ದಲ್ಲ. ಇದನ್ನು ಬರೆದಾಗಲೆಲ್ಲ ಅಪ್ಪ ಅಮ್ಮಂದಿರಿಂದ ಬೈಸಿಕೊಂಡಿದ್ದೇನೆ, ಇವತ್ತೂ ಬೈಯಿರಿ.

ಅಂದಹಾಗೆ, ಕೆಂಪು ಫ್ರಾಕ್ ಮಾಸಿ ತಿಳಿಗುಲಾಬಿ ಆಗಿದೆ, ಎದುರಿಗೇ ಕಿಟಕಿ ಎಂದೂ ಬರೆದಿದ್ದೀರಿ. ಬಣ್ಣದ ಪ್ರಿಂಟ್‌ಗೆ ಬೆಳಕೇ ಶತ್ರು. ಗೋಡೆಗಿಂತ ತೇವವಿಲ್ಲದ, ಕತ್ತಲ ಬೀರು ಎಷ್ಟೋ ವಾಸಿ. ಮಗಳು ಗೊತ್ತಿಲ್ಲದೇ ಅದರ ಆಯಸ್ಸು ಹೆಚ್ಚಿಸಿದ್ದಾಳೆ. ನಿಮಗೊಂದು ಪ್ರತಿ ಬೇಕಿದ್ದರೆ ಅವಳನ್ನೇ ಕೇಳಿ ಸ್ಕ್ಯಾನ್ ಮಾಡಿಸಿಕೊಳ್ಳಿ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಮೇಲಿನ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಈಗ ನೀವು ಮಾಡಬೇಕಾದ್ದು ಒಂದೇ. ಮುಂದಿನ ಸಲ ಅಕ್ಕ ಬಂದು ಖಾಲಿ ಗೋಡೆ ನೋಡಿ "ಫೋಟೋ ಎಲ್ಲೋ?" ಅಂತ ಕೇಳೇ ಕೇಳುತ್ತಾರೆ. ಆಗ ನಗಬೇಡಿ. ಒಳಗಿರುವ ಮಗಳಿಗೂ ಕೇಳುವಷ್ಟು ಜೋರಾಗಿ ಹೇಳಿ: "ಅವಳದ್ದು, ಅವಳ ಹತ್ತಿರ ಇದೆ ಅಕ್ಕ."